ಬಡಿಸಿದವರ ಪ್ರವಾಸ ಕಥನ

ನಾಯಿಗೆ ಅಂಜುತ್ತೀರಾ? ಹೌದು, ಇಲ್ಲ, ಎರಡರಲ್ಲಿ ಒಂದಕ್ಕೆ ಗುರುತು ಹಾಕಿ.

ಬೆಳಿಗ್ಗೆ ಇನ್ನೂ ಚಹಾ ಮುಗಿದಿರಲಿಲ್ಲ, ಪಕ್ಕದ ಮನೆಯವನು ಮೊಬೈಲು ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತ. "ಸಾರ್, ಇದಕ್ಕೇನು ಬರೀಬೇಕ್ರಿ?" ಎಂದು ನನ್ನ ಮೂಗಿನ ಮುಂದೆ ಹಿಡಿದ. ಅವನ ಮಗಳು ಹೈದರಾಬಾದಿನ ಕಾಲೇಜೊಂದರಲ್ಲಿ ಓದುತ್ತಾಳೆ. ಜಪಾನ್ ಸರ್ಕಾರ 2007ರಲ್ಲಿ ಶುರು ಮಾಡಿದ ಜೆನೆಸಿಸ್ ಎಂಬ ಯೋಜನೆಯಲ್ಲಿ ಬೇರೆ ಬೇರೆ ದೇಶಗಳ ಹುಡುಗ ಹುಡುಗಿಯರನ್ನು ಕರೆಸಿಕೊಂಡು, ಊರು ತೋರಿಸಿ, ಕೊನೆಗೆ ಯಾರದೋ ಮನೆಯಲ್ಲಿ ಒಂದೆರಡು ರಾತ್ರಿ ಇರಿಸಿ ಕಳಿಸುತ್ತಾರಲ್ಲ, ಆ ತಂಡದಲ್ಲಿ ಈ ಹುಡುಗಿಯೂ ಇದ್ದಾಳೆ. ನಮ್ಮ ಧರೂರಿನಿಂದ ಗದ್ವಾಲ, ಗದ್ವಾಲದಿಂದ ಎರ್ರವಲ್ಲಿ ಚೌರಸ್ತಾ, ಅಲ್ಲಿಂದ ಹೆದ್ದಾರಿ ಹಿಡಿದು ಶಂಷಾಬಾದು, ಆಮೇಲೆ ಆಕಾಶ. ನಾಯಿಯ ಪ್ರಶ್ನೆ ಆ ಮನೆಯವರದು. ಅವರ ಮನೆಯಲ್ಲಿ ನಾಯಿ ಇದ್ದೀತು, ಬರುವ ಹುಡುಗಿ ಹೆದರಿ ಕೂಗಿಕೊಂಡರೆ?

"ಅಂಜೂದಿಲ್ಲ ಅಂತ ಹಾಕು" ಅಂದೆ.

"ನಾಯಿನೇ ಅಕಿಗೆ ಅಂಜತಾವ್ರಿ. ಅದನ್ನ ಬರಿಯಾಕ ಜಾಗಾನೇ ಇಲ್ಲ ಇದ್ರಾಗ."

ಮುಂದಿನ ಪ್ರಶ್ನೆ, ನೆಲದ ಮೇಲೆ ಹಾಸಿಗೆ ಹಾಸಿದರೆ ಮಲಗಬಲ್ಲಿರಾ ಎಂಬುದು. ಒಳಗೆ ಜೋಳ ಹಸನು ಮಾಡುತ್ತಿದ್ದ ನಮ್ಮ ಅವ್ವ ಮೊರ ನಿಲ್ಲಿಸಿ, "ಮತ್ತ ಎಲ್ಲಿ ಮಲಗತಾರಂತ?" ಎಂದು ಕೇಳಿದಳು. ಅದಕ್ಕೆ ಆ ಕಾಗದದಲ್ಲೂ ಉತ್ತರವಿರಲಿಲ್ಲ, ನಮ್ಮಿಬ್ಬರಲ್ಲೂ ಇರಲಿಲ್ಲ.

ಇಲ್ಲಿಯವರೆಗೆ ನನಗೆ ನಗುವೇ ಬರುತ್ತಿತ್ತು. ಸಿಟ್ಟು ಬಂದದ್ದು ಅವನು ಮೊಬೈಲಿನಲ್ಲಿ ಮುಂದಿನ ಪುಟ ಸರಿಸಿದಾಗ. ಅಲ್ಲಿ ದಿನಚರಿ ಇತ್ತು. ಇಂಥ ದಿನ ಒಂಬತ್ತು ಹತ್ತಕ್ಕೆ ದೇವಾಲಯ, ಹತ್ತು ಇಪ್ಪತ್ತೈದಕ್ಕೆ ಬಸ್ಸು, ಹನ್ನೊಂದಕ್ಕೆ ವಸ್ತುಸಂಗ್ರಹಾಲಯ, ಹನ್ನೆರಡೂ ಕಾಲಿಗೆ ಊಟ, ಒಂದಕ್ಕೆ ಕೋಟೆ. ಮೂತ್ರ ವಿಸರ್ಜನೆಗೂ ನಿಮಿಷ ಕೊಟ್ಟಿದ್ದರು. ಇಷ್ಟೆಲ್ಲದರ ನಡುವೆ ಒಂದೇ ಒಂದು ಸಾಲು: ಹೋಮ್ ಸ್ಟೇ, 2 ರಾತ್ರಿ. ಅಷ್ಟೇ. ಯಾರ ಮನೆ, ಎಂಥ ಮನೆ, ಆ ಮನೆಯಲ್ಲಿ ಎಷ್ಟು ಜನ, ಒಲೆಯ ಮುಂದೆ ಯಾರು ನಿಲ್ಲುತ್ತಾರೆ, ಒಂದೂ ಇಲ್ಲ. ಕಲ್ಲುಕಟ್ಟಡಕ್ಕೆ ಒಂದೂಕಾಲು ತಾಸಿನ ಮರ್ಯಾದೆ, ಎರಡು ರಾತ್ರಿ ಅನ್ನ ಹಾಕುವ ಮನೆಗೆ ಎರಡು ಪದದ ಮರ್ಯಾದೆ.

ಪ್ರವಾಸದಿಂದ ಬುದ್ಧಿ ಬೆಳೆಯುತ್ತದೆ, ದೇಶ ಸುತ್ತಬೇಕು ಕೋಶ ಓದಬೇಕು, ಯುವಜನರು ಬೆರೆತರೆ ಲೋಕಕ್ಕೆ ಒಳ್ಳೆಯದು. ಇದೆಲ್ಲ ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಅವರಿಗೇ ಬಿಡೋಣ. ನನ್ನ ತಲೆಯಲ್ಲಿ ಕೂತದ್ದು ಬೇರೆ. ಇನ್ನು ಸ್ವಲ್ಪ ದಿನಕ್ಕೆ, ಜಪಾನಿನ ಯಾವುದೋ ಹಳ್ಳಿಯಲ್ಲಿ, ಒಬ್ಬ ಹೆಂಗಸು ಇಂಥದೇ ಒಂದು ಕಾಗದ ಹಿಡಿದು ಕೂತಿರುತ್ತಾಳೆ. ಅದರಲ್ಲಿ ನಮ್ಮ ಹುಡುಗಿಯ ವಿಷಯ ಬರೆದಿರುತ್ತದೆ: ವಯಸ್ಸು ಇಷ್ಟು, ಮೀನು ಮಾಂಸ ತಿನ್ನುವುದಿಲ್ಲ, ನಾಯಿಗೆ ಅಂಜುವುದಿಲ್ಲ, ನೆಲದ ಮೇಲೆ ಮಲಗುತ್ತಾಳೆ, ಊರು ಧರೂರು. ಆಕೆ ಇಷ್ಟರಲ್ಲಿ ಏನು ತಿಳಿದಾಳು? ಮೀನು ತಿನ್ನುವುದಿಲ್ಲ ಎಂಬ ಒಂದು ಮಾತಿಗೇ ಅವಳ ಅಡುಗೆಮನೆ ಅಲ್ಲೋಲಕಲ್ಲೋಲ ಆಗಿರುತ್ತದೆ. ಜಪಾನಿನಲ್ಲಿ ಸಾರು, ಪಲ್ಯ, ನೂಡಲ್ಸು ಯಾವುದಕ್ಕೂ ಬುಡದಲ್ಲಿ ದಾಶಿ ಎಂಬ ಒಂದು ಕಟ್ಟು ಇರುತ್ತದೆ. ಸಾಮಾನ್ಯವಾಗಿ ಅದನ್ನು ಒಣಗಿಸಿದ ಮೀನನ್ನು ತೆಳ್ಳಗೆ ಹೆರೆದು ಕುದಿಸಿ ತೆಗೆಯುತ್ತಾರೆ. ಅದು ಅವರ ಲೆಕ್ಕಕ್ಕೆ ಮೀನೇ ಅಲ್ಲ, ನಮ್ಮಲ್ಲಿ ಒಗ್ಗರಣೆಯನ್ನು ಯಾರೂ ಪದಾರ್ಥ ಎಂದು ಎಣಿಸದ ಹಾಗೆ. ಆಕೆ ಆಗ ಕೊಂಬು ಎಂಬ ಕಡಲ ಸೊಪ್ಪಿನಿಂದಷ್ಟೇ ಕಟ್ಟು ತೆಗೆಯಬೇಕು. ಬೌದ್ಧ ಮಠಗಳ ಅಡುಗೆಯಲ್ಲಿ ಹಾಗೆ ಮಾಡುತ್ತಾರೆ. ಆಕೆ ಮಠಕ್ಕೆ ಹೋಗಿ ಕೇಳಿಯಾಳೋ, ನೆರೆಮನೆಯ ಅಜ್ಜಿಯನ್ನು ಕೇಳಿಯಾಳೋ. ನನ್ನ ಮಟ್ಟಿಗೆ ಪ್ರವಾಸ ಹೊರಟವಳು ಆಕೆ. ನಮ್ಮ ಹುಡುಗಿ ವಿಮಾನದಲ್ಲಿ ಕೂತಿರುತ್ತಾಳೆ, ಅಷ್ಟೇ.

ಇದು ನನಗೆ ಹೊಸದಾಗಿ ಹತ್ತಿದ ಹುಚ್ಚಲ್ಲ. ಬಹಳ ಕಾಲದಿಂದ ನನ್ನದೊಂದು ತಕರಾರಿದೆ: ಲೋಕದ ಪ್ರವಾಸ ಕಥನಗಳನ್ನೆಲ್ಲ ಉಂಡವರು ಬರೆದಿದ್ದಾರೆ, ಬಡಿಸಿದವರು ಒಂದು ಸಾಲನ್ನೂ ಬರೆದಿಲ್ಲ. ಹ್ಯೂಯೆನ್ ತ್ಸಾಂಗನನ್ನೇ ನೋಡಿ. ಏಳನೆಯ ಶತಮಾನದಲ್ಲಿ ಅಷ್ಟು ದೂರದಿಂದ ಓದಲು ಬಂದ, ನಾಲಂದದಲ್ಲಿ ವರ್ಷಗಟ್ಟಲೆ ಇದ್ದ. ದಿನಕ್ಕೆ ಎಷ್ಟು ಅಡಿಕೆ, ಎಷ್ಟು ಮಹಾಶಾಲಿ ಅಕ್ಕಿ ಕೊಡುತ್ತಿದ್ದರೆಂದು ಅವನ ಶಿಷ್ಯ ಬರೆದ ಚರಿತ್ರೆಯಲ್ಲಿದೆ. ಆ ಅಕ್ಕಿ ಅಳೆದುಕೊಟ್ಟ ಉಗ್ರಾಣದವನಿಗೆ ಈ ಚೀನೀ ಭಿಕ್ಷುವಿನ ಬಗ್ಗೆ ಏನನ್ನಿಸಿತ್ತು? ಅದು ಎಲ್ಲೂ ಇಲ್ಲ. ಅದೇ ಮಹಾಶಯ ನಮ್ಮ ಇಮ್ಮಡಿ ಪುಲಿಕೇಶಿಯ ನಾಡಿಗೂ ಬಂದು, ಇಲ್ಲಿನ ಜನ ಉಪಕಾರ ಮರೆಯರು, ಅವಮಾನವನ್ನೂ ಮರೆಯರು ಎಂಬರ್ಥದಲ್ಲಿ ಬರೆದು ಹೋದ. ಪುಲಿಕೇಶಿಯ ವಂಶದವರು ನಮ್ಮ ಮಗ್ಗುಲಲ್ಲೇ ಆಲಂಪುರದಲ್ಲಿ ಗುಡಿಗಳ ಸಾಲನ್ನೇ ಕಟ್ಟಿಸಿದರು. ಯುದ್ಧ ಗೆದ್ದದ್ದನ್ನು, ದಾನ ಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆಸಿದರು. ಪರದೇಶದ ಒಬ್ಬ ಓದುವ ಹುಡುಗ ಬಂದಿದ್ದ, ಊಟಕ್ಕೆ ಇಂಥದನ್ನು ಬೇಡ ಎಂದ, ಇಂಥದನ್ನು ಎರಡು ಸಲ ಹಾಕಿಸಿಕೊಂಡ ಎಂದು ಯಾರೂ ಕೊರೆಸಲಿಲ್ಲ.

ಇನ್ನು ಅಫಾನಾಸಿ ನಿಕಿತಿನ್. ರಷ್ಯದ ತ್ವೇರ್ ಊರಿನ ವ್ಯಾಪಾರಿ. 1470ರ ಆಸುಪಾಸಿನಲ್ಲಿ ಒಂದು ಕುದುರೆಯನ್ನು ಕಟ್ಟಿಕೊಂಡು ಹಡಗಿನಲ್ಲಿ ಚೌಲ್ ಬಂದರಿಗೆ ಇಳಿದು, ಜುನ್ನರದಲ್ಲಿ ಮಳೆಗಾಲ ಕಳೆದು, ಬೀದರಿಗೆ ಬಂದವನು. ಈ ದೇಶದಲ್ಲಿ ಪರಸ್ಥಳದ ವ್ಯಾಪಾರಿಗಳು ತಂಗುದಾಣದ ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ, ಮನೆಯೊಡತಿಯೇ ಅಡುಗೆ ಮಾಡಿ ಹಾಸಿಗೆ ಹಾಸಿಕೊಡುತ್ತಾಳೆ ಎಂದು ಅವನು ಬರೆದಿಟ್ಟಿದ್ದಾನೆ. ನೋಡಿ, ಐದುನೂರು ವರ್ಷಗಳ ಹಿಂದೆಯೇ ನಮ್ಮ ದಖ್ಖನಿನಲ್ಲಿ ಹೋಮ್ ಸ್ಟೇ! ಆದರೆ ಅದರ ಮುಂದೆ ಅವನು ಬರೆದದ್ದನ್ನು ಮಕ್ಕಳ ಮುಂದೆ ಓದುವಂತಿಲ್ಲ. ಗಂಡಸು ದೂರದೇಶಕ್ಕೆ ಹೋಗಿ ಬಂದು ಹೇಳುವ ಅಂಥ ಕಥೆಗಳಲ್ಲಿ ಎಷ್ಟು ಕಂಡದ್ದು, ಎಷ್ಟು ಕಟ್ಟಿದ್ದು ಎಂಬುದನ್ನು ಆ ಒಡತಿಯನ್ನೇ ಕೇಳಬೇಕಿತ್ತು. ಆಕೆ ಬರೆದಿದ್ದರೆ ಹೀಗಿರುತ್ತಿತ್ತೇನೋ: ಕುದುರೆ ಚಲೋ ಇತ್ತು, ಕುದುರೆಯವನು ಮಾತ್ರ ಸ್ನಾನ ಮಾಡುತ್ತಿರಲಿಲ್ಲ.

ಕನ್ನಡದಲ್ಲೂ ಇದೇ ಹಾಡು. ಕಾರಂತರ 'ಅಪೂರ್ವ ಪಶ್ಚಿಮ' ಉಂಟು, ಗೋಕಾಕರ 'ಸಮುದ್ರದಾಚೆಯಿಂದ' ಉಂಟು, ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ' ಉಂಟು. 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಒಂದಕ್ಕಿಂತ ಒಂದು ಸೊಗಸಾದ ಪುಸ್ತಕಗಳು, ನಾನು ರಾಯಚೂರಿನಿಂದ ತರಿಸಿ ಓದಿದವನೇ. ಆದರೂ ನನ್ನ ಆಸೆ ಇನ್ನೊಂದು ಪುಸ್ತಕದ ಮೇಲಿದೆ: 'ನಮ್ಮ ಮನೆಯಲ್ಲಿ ಗೊರೂರು'. ಯಾವುದೋ ಅಮೆರಿಕದ ಬೀದಿಯ ಮನೆಯೊಡತಿ ಬರೆದದ್ದು. ಧೋತರದ ಯಜಮಾನರೊಬ್ಬರು ಬಾಗಿಲಲ್ಲಿ ನಿಂತಾಗ ಆಕೆಯ ನಾಯಿ ಏನು ಮಾಡಿತು ಎಂಬಲ್ಲಿಂದ ಶುರುವಾಗಬೇಕು.

ಇಷ್ಟು ಯೋಚಿಸುವಾಗ ಬಸವಣ್ಣನವರು ಅಡ್ಡ ಬಂದರು. ಮನೆಗೆ ಬಂದವರನ್ನು ಹೇಗಿದ್ದೀರಿ ಎಂದು ಕೇಳಿದರೆ, ಕೂರಿ ಎಂದರೆ, ನಿಮ್ಮ ಗಂಟೇನು ಹೋಗುತ್ತದೆ, ನೆಲವೇನು ಕುಸಿಯುತ್ತದೆ ಎಂದು ಜಗಳ ತೆಗೆಯುವ ಆ ವಚನ ಎಲ್ಲರಿಗೂ ಬಾಯಿಪಾಠ. ಶಾಲೆಯಲ್ಲಿ ಅದನ್ನು ಅತಿಥಿ ಸತ್ಕಾರದ ಪಾಠ ಎಂದು ಕಲಿಸುತ್ತಾರೆ, ನಾನೂ ಕಲಿಸಿದೆ. ಆದರೆ ಅದರ ದನಿ ಕೇಳಿದ್ದೀರಾ? ಅದು ಬಾಗಿಲಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡವನ ದನಿ. ಯಾವುದೋ ಸಿರಿವಂತರ ಮನೆಯಲ್ಲಿ ಯಾರೂ ಕೂರು ಎನ್ನಲಿಲ್ಲ. ಆ ಉರಿಯಲ್ಲಿ ಹುಟ್ಟಿದ ಮಾತು ಅದು ಎಂದು ನನ್ನ ಊಹೆ. ಅಲ್ಲೂ ನೋಡಿ, ಬರೆದವನು ಅತಿಥಿಯೇ. ಆ ಮನೆಯವರಿಗೂ ಏನೋ ಕಾರಣ ಇದ್ದೀತು. ಒಳಗೆ ಹಿಟ್ಟು ಮುಗಿದಿತ್ತೋ, ಸೊಸೆಗೆ ಜ್ವರ ಬಂದಿತ್ತೋ. ಎಂಟುನೂರು ವರ್ಷದ ಮೇಲಾಯಿತು, ಬೈಸಿಕೊಂಡವರ ಕಡೆಯಿಂದ ಒಂದು ಮಾತಿಲ್ಲ.

ಹೋಮ್ ಸ್ಟೇ ಎಂಬುದನ್ನು ಪರದೇಶದವರು ಕಂಡುಹಿಡಿದರು ಎಂದು ನಮ್ಮ ಪಕ್ಕದ ಮನೆಯವನು ನಂಬಿದ್ದಾನೆ. ವಿದ್ಯಾರ್ಥಿಗಳನ್ನು ತಂಡ ಕಟ್ಟಿ ಇನ್ನೊಂದು ದೇಶದ ಮನೆಗಳಲ್ಲಿ ಇರಿಸುವ ಪದ್ಧತಿಗೆ ಡೊನಾಲ್ಡ್ ವಾಟ್ ಎಂಬ ಅಮೆರಿಕದವನು 1932ರಲ್ಲಿ ನಾಂದಿ ಹಾಡಿದ, ಅದು ನಿಜವೇ. ಕೋಟೆ ಕೊತ್ತಲ ನೋಡುವುದರಿಂದ ಏನೂ ಆಗದು, ಆ ಜನರ ಮನೆಯಲ್ಲಿ ಉಂಡು ಮಲಗಿದರೆ ಮಾತ್ರ ಗೊತ್ತಾದೀತು ಎಂಬ ಅವನ ನಂಬಿಕೆ ನನಗೂ ಒಪ್ಪಿಗೆ. ಆದರೆ ನಮ್ಮ ಸೀಮೆಯ ವಾರಾನ್ನದ ಹುಡುಗರು ಏನು ಮಾಡುತ್ತಿದ್ದರು ಮತ್ತೆ? ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಬುಧವಾರ ವಿಧವೆ ಅತ್ತೆಯ ಮನೆ, ಹೀಗೆ ಏಳು ದಿನಕ್ಕೆ ಏಳು ಒಲೆ. ಏಳು ಬಗೆಯ ಸಾರು, ಏಳು ಬಗೆಯ ಮುಖ. ಯಾವ ಮನೆಯಲ್ಲಿ ಎರಡನೆಯ ಸಲ ಅನ್ನ ಕೇಳಬಹುದು, ಯಾವ ಮನೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎನ್ನಬೇಕು ಎಂಬುದು ಪಾಸಾದ ಪರೀಕ್ಷೆಗಿಂತ ದೊಡ್ಡ ವಿದ್ಯೆ. ಆ ಹುಡುಗರು ಮುಂದೆ ದೊಡ್ಡವರಾಗಿ ಆತ್ಮಕಥೆ ಬರೆದಾಗ ಒಂದೆರಡು ಪುಟ ಈ ಮನೆಗಳಿಗೆ ಮೀಸಲಿಟ್ಟರು. ಬುಧವಾರದ ಆ ಅತ್ತೆ ತನ್ನ ಪಾಲಿನ ತುಪ್ಪವನ್ನು ಹುಡುಗನ ಎಲೆಗೆ ಬಡಿಸಿದ್ದಳು ಎಂಬುದು ಗೊತ್ತಿದ್ದರಲ್ಲವೇ ಬರೆಯುವುದು. ಅದು ಗೊತ್ತಿದ್ದದ್ದು ಆಕೆಗೊಬ್ಬಳಿಗೆ.

ಕೊಡಗಿನ ಕಡೆ ಈಗ ಗೇಟಿಗೊಂದು ಹೋಮ್ ಸ್ಟೇ ಫಲಕ ಇದೆ. ದುಡ್ಡು ಕೊಟ್ಟು ಬೀಗದ ಕೈ ತೆಗೆದುಕೊಂಡ ಮೇಲೆ ಅದು ಲಾಡ್ಜೇ. ಕಾಫಿ ಗಿಡ ಕಂಡರೆ ಮನೆಯಾಗುವುದಿಲ್ಲ. ಇದರ ಬಗ್ಗೆ ಹೆಚ್ಚು ಮಾತು ಬೇಡ.

ನಮ್ಮ ಗದ್ವಾಲ ಸಂಸ್ಥಾನದ ಕಾಲದಲ್ಲಿ ವಿದ್ವಾಂಸರ ಸಭೆಗಳು ಕೂಡುತ್ತಿದ್ದವು, ಊರಿಗೆ ವಿದ್ವದ್ಗದ್ವಾಲ ಎಂದೇ ಹೆಸರು. ಎಲ್ಲೆಲ್ಲಿಂದಲೋ ಪಂಡಿತರು ಬಂದು ವಾದ ಮಾಡಿ, ಶಾಲು ಸಂಭಾವನೆ ಕಟ್ಟಿಕೊಂಡು ಹೋಗುತ್ತಿದ್ದರು. ಅವರು ಕೋಟೆಯಲ್ಲೇ ಉಂಡು ಕೋಟೆಯಲ್ಲೇ ಮಲಗುತ್ತಿದ್ದರೇ? ಅಗ್ರಹಾರದ ಮನೆಗಳೂ ಪಾಲು ಹೊತ್ತಿರಬೇಕು. ಮಡಿ ನೀರು ಎಷ್ಟು ಕೊಡ, ಹೊಗೆಸೊಪ್ಪು ಎಷ್ಟು ಸೇರು, ಯಾವ ತರ್ಕತೀರ್ಥರು ನಿದ್ದೆಯಲ್ಲಿ ಗೊರಕೆ ಹೊಡೆದು ಕೂಸುಗಳನ್ನು ಎಬ್ಬಿಸಿದರು ಎಂಬುದರ ದಾಖಲೆ ಎಲ್ಲಿದೆ? ಇದಕ್ಕೆ ತಿರುವುಮುರುವಾದ ಕಥೆಯೂ ಗದ್ವಾಲದಲ್ಲಿದೆ. ರಾಣಿ ಆದಿಲಕ್ಷ್ಮೀದೇವಮ್ಮ ಇಲ್ಲಿನ ನೇಕಾರರನ್ನು ಕಾಶಿಗೆ ಕಳಿಸಿ ಜರಿಯ ಕೆಲಸ ಕಲಿಸಿದಳೆಂದು ಮಗ್ಗದ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಮೈಯೆಲ್ಲ ಹತ್ತಿ, ಅಂಚು ಸೆರಗು ರೇಷ್ಮೆ, ಎರಡನ್ನೂ ಹೊಲಿಗೆಯಿಲ್ಲದೆ ಮಗ್ಗದಲ್ಲೇ ಬೆಸೆದ ಗದ್ವಾಲ ಸೀರೆ ಅಲ್ಲಿಂದ ಬೆಳೆಯಿತೆಂಬ ನಂಬಿಕೆ. 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಕಥೆ ನಿಜವೇ ಆಗಿದ್ದರೆ ಈ ಸೀಮೆಯಿಂದ ಕಲಿಯಲು ಹೊರಟ ಹಳೆಯ ತಂಡಗಳಲ್ಲಿ ಅದೂ ಒಂದು. ಕಾಶಿಯ ಯಾವ ಗಲ್ಲಿಯ ಯಾವ ನೇಕಾರ ಇವರನ್ನು ತನ್ನ ಮಗ್ಗದ ಗುಂಡಿಯ ಪಕ್ಕ ಕೂರಿಸಿಕೊಂಡ, ಅವನ ಹೆಂಡತಿ ರೊಟ್ಟಿ ಕೊಟ್ಟಾಗ ಇವರು ಜೋಳದ್ದಲ್ಲ ಎಂದು ಮುಖ ಸಣ್ಣ ಮಾಡಿದರೇ? ಸೀರೆ ಉಳಿಯಿತು, ರೊಟ್ಟಿ ಕೊಟ್ಟವಳು ಹೋದಳು.

ನಮಗೂ ಅತಿಥಿಗಳೇನು ಕಡಿಮೆಯೇ? ಮೇಲ್ಗಡೆ ಕೃಷ್ಣೆಯ ನಡುಗಡ್ಡೆಯಲ್ಲಿ ಕುರುವಪುರ. ದತ್ತ ಭಕ್ತರು ಮಹಾರಾಷ್ಟ್ರದಿಂದ ತಂಡತಂಡವಾಗಿ ಬರುತ್ತಾರೆ. ಮಕ್ತಲದ ಕಡೆಯಿಂದ ಬಂದರೆ ಪಂಚದೇವಪಹಾಡದ ದಡದಲ್ಲಿ ತೆಲಂಗಾಣ, ದೋಣಿ ದಾಟಿದರೆ ಕರ್ನಾಟಕ. ಅಲ್ಲಿ ಅರ್ಚಕರ ಮನೆಗಳಲ್ಲಿ ಎಲೆ ಹಾಕುತ್ತಾರೆ. ಮರಾಠಿಯಲ್ಲಿ ಕೇಳುತ್ತಾರೆ, ಕನ್ನಡದಲ್ಲಿ ಬಡಿಸುತ್ತಾರೆ, ದೋಣಿಯವನ ಹತ್ತಿರ ತೆಲುಗಿನಲ್ಲಿ ಚೌಕಾಸಿ. ನಮ್ಮ ಮಂಡಲದಲ್ಲೇ ರೇವುಲಪಲ್ಲಿಯ ಹತ್ತಿರ ಜುರಾಲ ಅಣೆಕಟ್ಟು ಇದೆ. 1981ರಲ್ಲಿ ಅಡಿಗಲ್ಲು, 1995ರಲ್ಲಿ ಉದ್ಘಾಟನೆ. ನೀರು ತುಂಬಿ ಗೇಟು ಎತ್ತಿದ ಸುದ್ದಿ ಟಿವಿಯಲ್ಲಿ ಬಂತೆಂದರೆ ಆ ಭಾನುವಾರ ನಮ್ಮಂಥವರ ಮನೆಗೆ ಎಲ್ಲಿಲ್ಲದ ಬಂಧುಬಳಗ. ನೀರು ನೋಡಿ, ಅಣೆಕಟ್ಟಿನ ಹತ್ತಿರ ಕರಿದ ಮೀನು ತಿಂದು, ಕೈ ವಾಸನೆ ಹೋಗುವ ಮುಂಚೆ ಸಸ್ಯಾಹಾರಿ ಸೋದರತ್ತೆಯ ಮನೆಗೆ ಊಟಕ್ಕೆ ಹಾಜರು.

2009ರ ಅಕ್ಟೋಬರ್ ಮೊದಲ ವಾರದ ಅತಿಥಿಗಳು ಬೇರೆ. ಕೃಷ್ಣೆ, ತುಂಗಭದ್ರೆ ಎರಡೂ ಒಟ್ಟಿಗೆ ಬಂದವು. ಕರ್ನೂಲು ಮುಳುಗಿತು, ಮಂತ್ರಾಲಯಕ್ಕೆ ನೀರು ನುಗ್ಗಿತು, ಆಲಂಪುರದ ಕಡೆ ರಾಜೋಳಿಯಂಥ ಊರುಗಳ ಮಗ್ಗಗಳು ಕೆಸರಲ್ಲಿ ಹೂತವು. ನಮ್ಮ ಮನೆಗೆ ದೂರದ ನೆಂಟರ ಒಂದು ಸಂಸಾರ ಬಂತು. ಕೈಯಲ್ಲಿ ಒಂದು ಸ್ಟೀಲಿನ ಕೊಡ, ಅದರಲ್ಲಿ ಪಾಸ್‌ಬುಕ್ಕು, ಮಕ್ಕಳ ಸರ್ಟಿಫಿಕೇಟು. ದೀಪಾವಳಿ ಕಳೆಯುವವರೆಗೂ ಇದ್ದರು. ಅವರಿಗಾಗಿ ಯಾವ ಕಾಗದವೂ ಮುಂಚೆ ಬಂದಿರಲಿಲ್ಲ, ನಾಯಿಯ ಪ್ರಶ್ನೆಯನ್ನೂ ಯಾರೂ ಕೇಳಿರಲಿಲ್ಲ. ಆ ಮನೆಯ ಮುದುಕಿ ದಿನಾ ಬೆಳಿಗ್ಗೆ ನಮ್ಮ ಅವ್ವನಿಗಿಂತ ಮೊದಲು ಎದ್ದು ಅಂಗಳಕ್ಕೆ ಸಗಣಿ ಸಾರಿಸಿಬಿಡುತ್ತಿದ್ದಳು. ಅವ್ವನಿಗೆ ಇದು ಸೇರದು. ಮರುದಿನ ಅವ್ವ ಇನ್ನೂ ಬೇಗ ಏಳುವಳು. ಮುದುಕಿ ಅದಕ್ಕೂ ಮೊದಲು. ಕೊನೆಕೊನೆಗೆ ನಮ್ಮ ಅಂಗಳ ರಾತ್ರಿ ಎರಡು ಗಂಟೆಗೇ ಸಾರಿಸಿ ರಂಗೋಲಿ ಹಾಕಿಸಿಕೊಂಡು ಮಲಗುತ್ತಿತ್ತು.

ಅರ್ಜಿಗೆ ಬರೋಣ. ತಾಯಿಯ ಉದ್ಯೋಗ ಎಂಬ ಮನೆಯಲ್ಲಿ ಪಕ್ಕದವನು ಗೃಹಿಣಿ ಎಂದು ತುಂಬಿದ್ದ. ನಾನು ಅಳಿಸಿದೆ. ಆಕೆ ಮನೆಯಲ್ಲಿ ಎಲ್ಲಿರುತ್ತಾಳೆ? ಈಗ ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕಾಲ, ನಮ್ಮ ಗದ್ವಾಲ ಸೀಮೆಯ ಅರ್ಧ ಬದುಕು ಅದೇ. ಸಂಜೆ ಹೊತ್ತು ನಾಳೆ ಅರಳಲಿರುವ ಮೊಗ್ಗನ್ನು ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಮೇಲಿನ ಸಿಪ್ಪೆಯನ್ನೂ ಒಳಗಿನ ಗಂಡು ಭಾಗವನ್ನೂ ಸುಲಿದು ತೆಗೆಯಬೇಕು, ನಡುವಿನ ಕಡ್ಡಿಗೆ ಉಗುರು ತಾಕಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು, ಒಂದೊಂದೇ ಮೊಗ್ಗಿನ ಕಡ್ಡಿಗೆ ಅದರ ಪುಡಿ ಸವರಬೇಕು. ಕೆಲಸ ಮುಗಿಯುವಷ್ಟರಲ್ಲಿ ಆಕೆಯ ಹೆಬ್ಬೆರಳು ಹಳದಿಗಟ್ಟಿ ಬಣ್ಣದ ಡಬ್ಬಿಯಲ್ಲಿ ಅದ್ದಿದಂತೆ ಇರುತ್ತದೆ. ಒಂದು ಮೊಗ್ಗು ತಪ್ಪಿದರೆ ಒಂದು ಕಾಯಿಯ ಬೀಜ ಹೋಯಿತು. ಇದನ್ನೆಲ್ಲ ಗೃಹಿಣಿ ಎಂಬ ಒಂದು ಪದದಲ್ಲಿ ಮುಚ್ಚಿಡುವುದೇ? ನಾನು ಇಂಗ್ಲಿಷಿನಲ್ಲಿ ಇಡೀ ಎರಡು ಸಾಲು ಬರೆದೆ. ಜಪಾನಿನಲ್ಲಿ ಪೇರ್ ಹಣ್ಣಿನ ತೋಟದವರು ವಸಂತಕಾಲದಲ್ಲಿ ಗಿಡ ಹತ್ತಿ, ಪುಕ್ಕದಂಥ ಕುಂಚ ಹಿಡಿದು, ಹೂವಿಗೆ ಹೂವಿನ ಪುಡಿ ಹಚ್ಚುತ್ತಾರೆ. ನಮ್ಮ ಹುಡುಗಿ ಹೋಗುವುದು ಅಂಥ ತೋಟದ ಮನೆಗೇ ಆದರೆ ಆ ಹೆಂಗಸಿಗೆ ಈ ಎರಡು ಸಾಲಿನಿಂದ ಧರೂರು ಪೂರ್ತಿ ಅರ್ಥವಾಗುತ್ತದೆ. ಕೋಟೆ ನೋಡಿದ್ದರಿಂದ ಅರ್ಥವಾಗುವ ಮಾತಲ್ಲ ಇದು.

ಆ ಮನೆಯೊಡತಿ ಒಂದು ದಿನ ತನ್ನ ಪುಸ್ತಕ ಬರೆದರೆ ಅದರಲ್ಲಿ ಸ್ನಾನದ ಅಧ್ಯಾಯ ಇರಲೇಬೇಕು. ಜಪಾನಿನ ಮನೆಗಳಲ್ಲಿ ತೊಟ್ಟಿಗೆ ಬಿಸಿನೀರು ತುಂಬುತ್ತಾರೆ. ಮೊದಲು ಹೊರಗೆ ಕೂತು ಮೈ ತೊಳೆದುಕೊಂಡು, ಆಮೇಲೆ ಆ ನೀರಿನಲ್ಲಿ ಸುಮ್ಮನೆ ಕೂರಬೇಕು. ಅದೇ ನೀರಿನಲ್ಲಿ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಕೂರುತ್ತಾರೆ. ಗೌರವಕ್ಕೆಂದು ಅತಿಥಿಯನ್ನು ಮೊದಲು ಕಳಿಸುತ್ತಾರೆ. ಅತಿಥಿಯು ಎಂಜಲು ಮುಸುರೆಯ ಸಂಸ್ಕಾರದಲ್ಲಿ ಬೆಳೆದವನಾದರೆ ಏನು ಮಾಡುತ್ತಾನೆ? ನಾನು ಕೂತ ನೀರನ್ನು ಬೇರೆಯವರಿಗೆ ಬಿಡುವುದೇ ಎಂದು ಬಹಳ ವಿನಯದಿಂದ ತಳದ ಬಿರಡೆ ಕಿತ್ತು, ನೀರನ್ನೆಲ್ಲ ಹರಿಯಬಿಟ್ಟು, ತೊಟ್ಟಿಯನ್ನು ತಿಕ್ಕಿ ತೊಳೆದು ಹೊರಗೆ ಬರುತ್ತಾನೆ. ಆ ರಾತ್ರಿ ಮನೆಯವರು ಮತ್ತೆ ನೀರು ಕಾಯುವವರೆಗೆ ಕಾದು ಕೂರುತ್ತಾರೆ, ಇಲ್ಲವೇ ಹಾಗೇ ಮಲಗುತ್ತಾರೆ. ಅತಿಥಿ ತನ್ನ ಡೈರಿಯಲ್ಲಿ, ಇವತ್ತು ತೊಟ್ಟಿ ತೊಳೆದುಕೊಟ್ಟೆ, ಅವರಿಗೆ ಬಹಳ ಸಂತೋಷವಾಯಿತು ಎಂದು ಬರೆದಿರುತ್ತಾನೆ.

ಹುಡುಗಿಗೆ ಇದನ್ನು ಫೋನಿನಲ್ಲಿ ಹೇಳಿದೆ. "ಗೊತ್ತು ಸಾರ್, ಯೂಟ್ಯೂಬ್ನಾಗ ನೋಡೀನಿ" ಅಂದಳು. ಈಗಿನ ಮಕ್ಕಳು ಹೋಗುವ ಮುಂಚೆಯೇ ಹೋಗಿ ಬಂದಿರುತ್ತಾರೆ.

ಉಳಿದದ್ದು ಉಡುಗೊರೆ. ನಿಮ್ಮ ಸಂಸ್ಕೃತಿಯನ್ನು ತೋರಿಸುವ ಸಣ್ಣ ಕಾಣಿಕೆ ಒಯ್ಯಿರಿ ಎಂದು ಸೂಚನೆಯಿದೆ. ಹುಡುಗಿಗೆ ಚಾರ್‌ಮಿನಾರಿನ ಕೀಚೈನು ಸಾಕು. ಅಪ್ಪನಿಗೆ ಗದ್ವಾಲ ಸೀರೆಯೇ ಆಗಬೇಕು, ಬೆಲೆ ಕೇಳಿದ ಮೇಲೆ ನಾರಾಯಣಪೇಟೆಗೆ ಇಳಿದ, ಅಲ್ಲಿಂದ ಕೈಮಗ್ಗದ ಒಂದು ಶಾಲಿಗೆ ಬಂದು ನಿಂತ. ನಮ್ಮ ಅವ್ವ ಯಾರನ್ನೂ ಕೇಳದೆ ಎಳ್ಳು ಹಚ್ಚಿದ ಸಜ್ಜೆಯ ಕಟಕು ರೊಟ್ಟಿ ಒಂದು ಗಂಟು, ಶೇಂಗಾ ಹಿಂಡಿ ಒಂದು ಡಬ್ಬಿ, ಗುರೆಳ್ಳು ಹಿಂಡಿ ಒಂದು ಡಬ್ಬಿ ಕೊಟ್ಟುಬಿಟ್ಟಳು. ಸೂಟ್‌ಕೇಸನ್ನು ಅಡತಿ ಅಂಗಡಿಯ ಕಾಟಾದ ಮೇಲೆ ಇಟ್ಟು ತೂಗಿದರು. ಶೇಂಗಾ ಚೀಲ ತೂಗುವ ಹಮಾಲಿ ಬೆರಳಿನಿಂದ ಸೂಟ್‌ಕೇಸನ್ನು ತಟ್ಟಿ ನೋಡಿ, "ತೇವ ಐತೇನ್ರಿ ಮಾಲು?" ಎಂದು ಕೇಳಿದ.

ತೂಕ ಒಂದು ಕಿಲೋ ಜಾಸ್ತಿ ಬಂತು. ಏನು ತೆಗೆಯುವುದು ಎಂಬ ಪಂಚಾಯಿತಿ ನಡೆಯಿತು. ಕೊನೆಗೆ ಹಿಂಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಡಬ್ಬಿ ವಾಪಸು ಕೊಡೋಣ ಎಂದು ತೀರ್ಮಾನವಾದಾಗ ಅವ್ವ ಎದ್ದು ನಿಂತಳು. ಡಬ್ಬಿ ಇಲ್ಲದೆ ಕೊಡುವುದೇ? ಆ ಮನೆಯವರು ಏನು ಅಂದುಕೊಂಡಾರು? ಡಬ್ಬಿ ಹೋಗಲಿ, ಆದರೆ ವಾಪಸು ಬರಬೇಕು. ಬರುವಾಗ ಅವರು ಅದರಲ್ಲಿ ಏನಾದರೂ ಹಾಕಿ ಕೊಟ್ಟೇ ಕೊಡುತ್ತಾರೆ, ಖಾಲಿ ಡಬ್ಬಿ ಕಳಿಸುವ ಜನ ಎಲ್ಲಾದರೂ ಇರುತ್ತಾರೆಯೇ? ಜಪಾನಿನಲ್ಲೂ ಕೊಟ್ಟದ್ದಕ್ಕೆ ಮರಳಿ ಕೊಡುವ ಪದ್ಧತಿ ಇದೆ, ಒಕಾಯೆಶಿ ಎನ್ನುತ್ತಾರೆ ಎಂದು ನಾನು ಹೇಳಿದಾಗ, ಅದರಲ್ಲಿ ಹೇಳುವುದೇನಿದೆ ಎಂಬಂತೆ ನನ್ನ ಮುಖ ನೋಡಿದಳು.

ಡಬ್ಬಿ ಬದಲಾಗಬಾರದು ಎಂದೇ ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರು ಹಾಕಿಸುವುದು. ನಮ್ಮ ಅಡುಗೆಮನೆಯ ಮಾಡದ ಮುಂದೆ ನಿಂತರೆ ಒಂದು ಶಾಸನ ಸಂಗ್ರಹಾಲಯ. ಅವ್ವನ ತವರು ರಾಯಚೂರಿನ ಕಡೆ, ಆ ಕೊಡ ತಂಬಿಗೆಗಳ ಮೇಲೆ ಕನ್ನ ಕೊರೆದಂಥ ದಪ್ಪ ಕನ್ನಡ. ನನ್ನ ಹೆಂಡತಿಯ ಮದುವೆಯ ಪಾತ್ರೆಗಳು ಗದ್ವಾಲದವು, ದುಂಡು ದುಂಡು ತೆಲುಗು. ನಾರಾಯಣಪೇಟೆಯ ಚಿಕ್ಕಮ್ಮ ಕೊಟ್ಟ ಪರಾತದ ಮೇಲೆ ಮರಾಠಿ. ಒಂದು ಹಿತ್ತಾಳೆ ಲೋಟದ ಮೇಲೆ ಉರ್ದುವಿನಲ್ಲಿ ಏನೋ ಇದೆ, ಅದು ಯಾರ ಮನೆಯಿಂದ ಯಾವ ಹಬ್ಬಕ್ಕೆ ಏನು ತುಂಬಿಕೊಂಡು ಬಂತೋ, ಯಾಕೆ ವಾಪಸು ಹೋಗಲಿಲ್ಲವೋ ಹೇಳುವವರಿಲ್ಲ. ಗದ್ವಾಲದ ಪಾತ್ರೆ ಅಂಗಡಿಗಳಲ್ಲಿ ಹೆಸರು ಕೊರೆಯುವ ಹುಡುಗ ಪೆನ್ನಿನಂಥ ಯಂತ್ರ ಹಿಡಿದು ಜುಂಯ್ ಎಂದು ಬರೆಯುತ್ತಾನೆ. ಅಕ್ಷರಕ್ಕೆ ಇಷ್ಟು ಎಂದು ದರ. ಹೀಗಾಗಿ ಉದ್ದ ಹೆಸರಿನ ಹೆಣ್ಣುಮಕ್ಕಳೆಲ್ಲ ಪಾತ್ರೆಯ ಮೇಲೆ ಮೊದಲಕ್ಷರವಾಗಿಬಿಡುತ್ತಾರೆ. ಕೊಟ್ಟವರ ಹೆಸರು, ಇಸವಿ, ಇಷ್ಟೇ. ಇಸವಿಯನ್ನು ಎಲ್ಲರೂ ಹಾಕಿಸುವುದಿಲ್ಲ, ಜಿಪುಣತನಕ್ಕೆ ಅದನ್ನು ಬಿಟ್ಟವರ ಪಾತ್ರೆಗಳಿಗೆ ನಾನು ಅವುಗಳ ತೂಕದ ಮೇಲೆ ಕಾಲ ನಿರ್ಣಯ ಮಾಡುತ್ತೇನೆ. ದಪ್ಪ ಇದ್ದರೆ ಹಳೆಯದು, ಊದಿದರೆ ಹಾರುವಂತಿದ್ದರೆ ಇತ್ತೀಚಿನದು. ಆದರೆ ಹಳೆಯ ಕಾಲದಲ್ಲೂ ತೆಳು ಪಾತ್ರೆ ಕೊಟ್ಟ ಮಾವಂದಿರು ಇದ್ದರಲ್ಲ ಎಂದು ಹೆಂಡತಿ ಆಕ್ಷೇಪಿಸುತ್ತಾಳೆ. ಆಕೆ ಹಾಗೆನ್ನುವಾಗ ನೋಡುವುದು ನನ್ನ ಅಕ್ಕನ ಮದುವೆಗೆ ನಮ್ಮಪ್ಪ ಕೊಟ್ಟ, ಹೇಗೋ ನಮ್ಮಲ್ಲೇ ಉಳಿದುಹೋದ ಒಂದು ಬೋಗುಣಿಯ ಕಡೆಗೆ.